ಜೂಮ್ ಇಲ್ಲದ ಕ್ಯಾಮೆರಾ

"ಜೂಮ್ ಇರೋದು ಬೇಡ ಅಂದೆನಲ್ಲ," ಎಂದು ಮೇಸ್ತ್ರಿ ಗದರಿದ.

ಅಂಗಡಿಯವನಿಗೆ ತಲೆಬುಡ ಅರ್ಥವಾಗಲಿಲ್ಲ. "ಸಾರ್, ಪ್ರವಾಸಕ್ಕೆ ಅಂತೀರಿ. ಜೂಮ್ ಇಲ್ಲದಿದ್ರೆ ಎಲ್ಲ ಹಿಡಿಸೋಕೆ ತೆಗೆಯೋರೇ ಹಿಂದೆ ಮುಂದೆ ಓಡಾಡ್ಬೇಕಾಗುತ್ತೆ."

"ಓಡಾಡ್ಲಿ. ದೇವರು ಕಾಲು ಕೊಟ್ಟಿಲ್ವಾ?"

ಮರದ ಮಿಲ್ಲಿನಲ್ಲಿ ಆಳುಗಳ ಮೇಲೆ ಕೂಗಿ ಕೂಗಿ ದನಿ ಒರಟಾಗಿದ್ದ ಮನುಷ್ಯ. ಜೇಬಿನಲ್ಲಿ ಹಿಡಿಸುವ ಪುಟ್ಟ ಕ್ಯಾಮೆರಾಗಳನ್ನು ಒಂದೊಂದಾಗಿ ಎತ್ತಿ ಹೆಂಡತಿಯ ಕೈಗಿಡುತ್ತಿದ್ದ. ಅವಳ ಎಡ ಮಣಿಕಟ್ಟಿಗೆ ಪ್ಲಾಸ್ಟರ್ ಇತ್ತು. "ಬಚ್ಚಲಲ್ಲಿ ಜಾರಿದ್ದು," ಎಂದಳು ಅವಳು. ಅಂಗಡಿಯವನು ಕೇಳಿರಲಿಲ್ಲ.

ಹಿಂಬದಿಯ ಪರದೆಯಲ್ಲಿ ನೋಡಿಕೊಂಡು ತೆಗೆಯುವಂಥವನ್ನು ಮೇಸ್ತ್ರಿ ಪಕ್ಕಕ್ಕೆ ತಳ್ಳಿದ. ಕಣ್ಣಿಗೆ ಹಚ್ಚಿ ನೋಡುವ ಕಿಂಡಿ ಇದ್ದದ್ದು ಒಂದೇ. ಹೆಂಡತಿ ಕಿಂಡಿಗೆ ಒಂದು ಕಣ್ಣು ಹಚ್ಚಿದಳು, ಇನ್ನೊಂದು ತಾನಾಗಿ ಮುಚ್ಚಿಕೊಂಡಿತು. ಅವನಿಗೆ ಅದು ಹಿಡಿಸಿತು.

"ಅಗ್ಗದ್ದು ಸಾರ್, ಬಾಳಿಕೆ ಬರಲ್ಲ."

"ಇದೊಂದು ಪ್ರವಾಸಕ್ಕೆ ಬಂದ್ರೆ ಸಾಕು."

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಅವನ ತಾಯಿ ಎದ್ದು ಹತ್ತಿರ ಬಂದಳು. ಕೇಳಿದಳು, "ಫೋಟೋ ತೆಗೆಸ್ಕೊಳ್ಳೋರು ಎಲ್ಲಿ ನೋಡ್ಬೇಕಪ್ಪ?"

"ಕ್ಯಾಮೆರಾ ಕಡೆಗೇ, ಅಜ್ಜಿ. ಅತ್ತಿತ್ತ ತಿರುಗಬಾರದು."

"ಹಂಗಾದ್ರೆ ಸರಿ," ಎಂದಳು ಮುದುಕಿ.

ಪ್ರವಾಸ ಅವಳದೇ ಆಸೆ. ಊರಾಚೆಯ ಬೆಟ್ಟದ ತುದಿಯ ಬಂಡೆಯನ್ನು ಇನ್ನೊಮ್ಮೆ ನೋಡಬೇಕು, ನಿಮ್ಮಪ್ಪನ ಜೊತೆ ಹೋಗಿದ್ದೆ, ಎಂದು ವರಾತ ಹಚ್ಚಿದ್ದಳು. ಮೇಸ್ತ್ರಿ ಅಪ್ಪನ ಮುಖ ಕಂಡವನಲ್ಲ. ಇವನು ತೊಟ್ಟಿಲಲ್ಲಿದ್ದಾಗಲೇ ಯಾವಳೊಂದಿಗೋ ಓಡಿಹೋದ ಎಂದು ಊರು ಆಡಿಕೊಂಡಿತ್ತು. ಕಂಡವರ ಬಟ್ಟೆ ಇಸ್ತ್ರಿ ಮಾಡಿ ತಾಯಿ ಇವನನ್ನು ಸಾಕಿದಳು. ಮನೆಯಲ್ಲಿ ಅವನ ಕೈ ಮೇಲೆದ್ದರೆ ಅವಳು ಪಾತ್ರೆ ಹೊತ್ತು ಹಿತ್ತಲಿಗೆ ನಡೆಯುವಳು, ಸದ್ದಡಗುವವರೆಗೂ ಉಜ್ಜುವಳು. "ಥೇಟ್ ಅಪ್ಪನ ಕೈ ನಿಂದು" ಎಂದು ಒಮ್ಮೊಮ್ಮೆ ಹೇಳಿದ್ದುಂಟು, ಬೈದದ್ದಿಲ್ಲ. ಹೆತ್ತ ಕರುಳು, ನನ್ನ ಕಡೆಗೇ, ಎಂದು ಅವನು ನಂಬಿದ್ದ. ನಾಳೆ ಪೊಲೀಸರ ಮುಂದೆ ಎದೆ ಬಡಿದುಕೊಂಡು ಅಳುವುದಕ್ಕೂ ಒಬ್ಬರು ಬೇಕಿತ್ತು.

ಮಿಲ್ಲಿನ ವ್ಯಾನು ಏರು ಹತ್ತುವಾಗ ಹೆಂಡತಿ ಮೆಲ್ಲಗೆ ಹೇಳಿದಳು, "ರೀ, ಎತ್ತರ ಅಂದ್ರೆ ನನಗೆ ತಲೆ ಸುತ್ತುತ್ತೆ."

ಅವನು ಸ್ಟೀರಿಂಗಿನಿಂದ ಒಂದು ಕೈ ತೆಗೆದು, ಹಿಂಗೈಯಿಂದ ಅವಳ ಬಾಯಿಗೆ ಬಿಟ್ಟ. ತುಟಿ ಒಡೆಯಿತು. ಹಿಂದಿನ ಸೀಟಿನಿಂದ ತಾಯಿ ಕರ್ಚೀಫು ಚಾಚಿದಳು. "ಒರೆಸ್ಕೊ" ಎಂದಳು, ಅಷ್ಟೇ.

ಬಂಡೆಯ ಮೇಲೆ ಗಾಳಿ ಹುಚ್ಚು ಹಿಡಿದಂತೆ ಬೀಸುತ್ತಿತ್ತು. ಬೇಲಿಯಿಲ್ಲ, ನರಪಿಳ್ಳೆಯಿಲ್ಲ. ತಾಯಿ ಹಳೆಯ ಕಾವಲು ಗೋಪುರದ ಬುಡದಲ್ಲಿ ಕೂತಳು. ಗೋಪುರಕ್ಕೆ ಬೆನ್ನು ಮಾಡಿ ಮೇಸ್ತ್ರಿ ನಿಂತ. ಅವನ ಎದುರು ಹೆಂಡತಿ, ಅವಳ ಬೆನ್ನಿಗೆ ಪ್ರಪಾತ.

"ಗೋಪುರದ ತುದಿ ಬಂತಾ?"

"ಇಲ್ಲ."

"ಹಿಂದೆ ಹೋಗು."

ಹೋದಳು.

"ನನ್ನ ಕಾಲು ಬಂತಾ?"

"ಇಲ್ಲ ರೀ."

"ಇನ್ನೂ ಹಿಂದೆ. ಕಣ್ಣು ತೆಗೀಬೇಡ."

ಮನೆ ಅವಳ ಹೆಸರಿನಲ್ಲಿತ್ತು. ಮಣಿಕಟ್ಟು ಮುರಿದ ದಿನ ಅವಳು ಮೊದಲ ಸಲ ಎದುರು ಮಾತಾಡಿದ್ದಳು: ನೀವೇ ಬೇರೆ ಸೂರು ನೋಡಿಕೊಳ್ಳಿ. ಅಂದಿನಿಂದ ಅವನಿಗೆ ನಿದ್ದೆ ಹತ್ತಿರಲಿಲ್ಲ. ಫೋಟೋ ತೆಗೆಯುತ್ತ ಹಿಂದಕ್ಕೆ ಸರಿದಳು, ಕಾಲು ತಪ್ಪಿತು ಎಂದರಾಯಿತು. ಯಾರು ತಾನೇ ಇಲ್ಲವೆಂದಾರು? ಜೊತೆಗೆ ಬೀಳುವ ವಸ್ತುವಿಗೆ ದುಬಾರಿ ಹಣ ಯಾಕೆ ಸುರಿಯಬೇಕು?

ಅವಳ ಹಿಮ್ಮಡಿಗೆ ತಾಗಿ ಒಂದು ಕಲ್ಲು ಉರುಳಿತು. ಅದು ತಳ ಸೇರಿದ ಸದ್ದು ಬರಲೇ ಇಲ್ಲ. ಅವಳು ಕ್ಯಾಮೆರಾ ಇಳಿಸಿ ಹಿಂದೆ ನೋಡಿದಳು, ಆಮೇಲೆ ಅವನ ಮುಖ ನೋಡಿದಳು. ಎಲ್ಲ ತಿಳಿದುಹೋಯಿತು.

"ನಾನು ಹೋಗಲ್ಲ."

ಅವನು ನುಗ್ಗಿ ಬಂದು ಪ್ಲಾಸ್ಟರಿನ ಕೈಯನ್ನೇ ಹಿಡಿದು ತಿರುಚಿದ. ಅವಳ ಚೀರಾಟ ಗಾಳಿಯಲ್ಲಿ ಕೊಚ್ಚಿಹೋಯಿತು. ಅವಳು ಅವನ ಮುಂಗೈಗೆ ಹಲ್ಲು ಊರಿದಳು. ರಕ್ತ ಚಿಮ್ಮಿದರೂ ಬಿಡಲಿಲ್ಲ. ಅವನು ಕೆನ್ನೆಯ ಮೂಳೆಗೆ ಗುದ್ದಿದ, ಮತ್ತೆ ಗುದ್ದಿದ. ಅವಳು ಕುಸಿದಳು. ಕ್ಯಾಮೆರಾ ಪುಟಿದು ಅಂಚು ದಾಟಿ ಮಾಯವಾಯಿತು. ಜಡೆ ಹಿಡಿದು ದರದರ ಎಳೆದ. ಅವಳ ಕಾಲುಗಳು ಶೂನ್ಯದಲ್ಲಿ ಒದ್ದಾಡಿದವು.

"ಅತ್ತೇ!"

ಅವನಿಗೆ ನಗು ಬಂತು. ಕರೆದು ಕರೆದು ಯಾರನ್ನು ಕರೆಯುತ್ತಾಳೆ!

ಒಣ ದಿಮ್ಮಿ ಸೀಳುವ ಸದ್ದು ತನ್ನ ತಲೆಯೊಳಗೇ ಕೇಳಿಸಿತು. ಮಂಡಿ ಮಡಚಿತು. ಕತ್ತಿನ ಹಿಂಬದಿಯಿಂದ ಬಿಸಿಯಾಗಿ ಏನೋ ಇಳಿಯುತ್ತಿತ್ತು. ತಿರುಗಿದ. ಎರಡೂ ಕೈಯಲ್ಲಿ ಕಲ್ಲು ಹಿಡಿದು ತಾಯಿ ನಿಂತಿದ್ದಳು. ಏನಮ್ಮ ಎನ್ನುವಷ್ಟರಲ್ಲಿ ಇನ್ನೊಂದು ಏಟು ಹಣೆಗೇ ಬಿತ್ತು. ಜಡೆ ಅವನ ಹಿಡಿತದಿಂದ ಜಾರಿತು. ಹೆಂಡತಿ ತೆವಳಿ ಈಚೆ ಬಂದು ಅತ್ತೆಯ ಕಾಲಿಗೆ ಆತುಕೊಂಡಳು.

ಅಂಚಿನಲ್ಲಿ ಮಂಡಿ, ಅಂಗೈ ಊರಿ ಮೃಗದಂತೆ ಅವನು ತೂಗಾಡುತ್ತಿದ್ದ. ಕಣ್ಣಿಗೆ ರಕ್ತ ಇಳಿದು ತಾಯಿಯ ಮುಖ ಕೆಂಪಾಗಿ ಕಂಡಿತು.

"ಅಮ್ಮಾ... ನಾನಮ್ಮ... ನಿನ್ನ ಮಗ..."

"ಗೊತ್ತು ಕಣಪ್ಪ," ಎಂದಳು. ಕಣ್ಣಿಂದ ನೀರು ಸುರಿಯುತ್ತಿತ್ತು. ಕಲ್ಲನ್ನು ಪಕ್ಕಕ್ಕಿಟ್ಟು ಸೊಸೆಯ ಕಡೆ ತಿರುಗಿದಳು.

"ಆ ಕಡೆ ಸರಿ ಮಗಳೇ, ನಿನಗೆ ಗೊತ್ತಾಗಲ್ಲ. ಇವನಪ್ಪನ್ನೂ ನಾನು ಇಲ್ಲಿಂದಲೇ ನೂಕಿದ್ದು."