ಹುಳದ ಮನೆಯ ಸದ್ದು

ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬಂದರೆ ಈಗಲೂ ನನ್ನ ದನಿ ತಾನಾಗಿ ತಗ್ಗುತ್ತದೆ.

ಬೈರಕೂರಿನ ಶಾಲೆಯಲ್ಲಿ ಕನ್ನಡ ಮೇಡಂ ಪದ್ಯಗಳಲ್ಲಿ ಬರುವ ಸದ್ದಿನ ಪದಗಳ ಪಾಠ ಮಾಡಿ, ಪುಸ್ತಕದಲ್ಲಿಲ್ಲದ ಒಂದು ಸದ್ದನ್ನು ಮನೆಯಿಂದ ತರಲು ಹೇಳಿದ್ದರು. ಉಳಿದವರು ಚಟಪಟ, ಕೊತಕೊತ ಎಂದು ಹೇಳಿ ಕೂತರು. ನಾನು ಎದ್ದು, "ರೇಷ್ಮೆಹುಳ ಸೊಪ್ಪು ತಿನ್ನೋ ಸದ್ದು ಮೇಡಂ. ಬಾಯಲ್ಲಿ ಹೇಳಕ್ಕೆ ಬರ್ತಿಲ್ಲ" ಎಂದೆ. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ಮಧ್ಯಾಹ್ನ ಇಡೀ ತರಗತಿಯನ್ನು ನಮ್ಮ ಹುಳದ ಮನೆಗೆ ಕರೆತಂದರು.

ಅಜ್ಜಿ ಬಾಗಿಲಲ್ಲೇ ತಡೆದಳು. "ಎಲ್ರೂ ಕಾಲು ತೊಳ್ಕೊಳ್ಳಿ." ಮೇಡಂ ಮುಡಿದಿದ್ದ ಹೂವಿನತ್ತ ಕೈ ತೋರಿಸಿದಳು. "ನೀನು ಆ ಮಲ್ಲಿಗೆ ತೆಗ್ದಿಟ್ಟು ಬಾರಮ್ಮ, ಘಮ ಹುಳಕ್ಕಾಗಲ್ಲ." ನಾನು ನಾಚಿಕೆಯಿಂದ ಕುಗ್ಗಿಹೋದೆ. ಮೇಡಂ ಹೂವನ್ನು ಕಿಟಕಿಯಲ್ಲಿಟ್ಟು ಬರಿಗಾಲಲ್ಲಿ ಒಳಗೆ ಬಂದರು. ಅಜ್ಜಿ ಹುಳಗಳಿದ್ದ ಬಿದಿರು ತಟ್ಟೆಗಳಿಗೆ ಸೊಪ್ಪು ಹರಡಿ, ತುಟಿಯ ಮೇಲೆ ಬೆರಳಿಟ್ಟು, ತೆಲುಗಿನಲ್ಲಿ "ಮಾಟ್ಲಾಡೊದ್ದು" ಎಂದಳು. ಸಾವಿರಾರು ಪುಟ್ಟ ಬಾಯಿಗಳು ಒಟ್ಟಿಗೆ ಮೇಯುವ ಸದ್ದು ಕೋಣೆಯನ್ನು ತುಂಬಿತು.

"ಇದನ್ನ ಹೆಂಗೆ ಬರೀಲಿ ಅಜ್ಜಿ?" ಮೇಡಂ ಪಿಸುಗುಟ್ಟಿದರು.

"ನಂಗೆ ಬರೆಯಕ್ಕೆ ಬರಲ್ಲಮ್ಮ, ಕೇಳಕ್ಕೆ ಬರ್ತದೆ. ಸದ್ದು ನಿಂತ್ರೆ ಹುಳಕ್ಕೆ ಜ್ವರ ಬಂತು, ಪೊರೆ ಬಿಡಕ್ಕೆ ಮಲಗ್ತು ಅಂತ ಗೊತ್ತಾಗ್ತದೆ."

ಮರುದಿನ ಮೇಡಂ ಎಲ್ಲರ ಹೆಸರುಗಳನ್ನೂ ಅವರವರು ತಂದ ಪದಗಳನ್ನೂ ಬೋರ್ಡಿನ ಮೇಲೆ ಬರೆದು ಓದಿಸಿದರು. ನನ್ನ ಹೆಸರಿನ ಮುಂದೆ ಏನೂ ಬರೆದಿರಲಿಲ್ಲ. ಅಲ್ಲಿಗೆ ಬಂದಾಗ ಇಡೀ ತರಗತಿ ತುಟಿಯ ಮೇಲೆ ಬೆರಳಿಟ್ಟುಕೊಂಡಿತು.