ನಿಂಬೆವ್ವನ ವಿಮಾನ

ಯುದ್ಧ ಶುರುವಾದಮೇಲೆ ಹೊಳೆಯ ಎರಡೂ ದಂಡೆಯ ಹೆಂಗಸರು ಬೀಡಿ ಕಟ್ಟುವುದನ್ನು ಬಿಟ್ಟು ಬಾಂಬರ್ ಕಟ್ಟತೊಡಗಿದರು. ಅಂಗೈಯಗಲದ ವಿಮಾನಕ್ಕೆ ರೆಕ್ಕೆ ಅಂಟಿಸಿ, ಬಣ್ಣ ಬಳಿದು, ಹೊಟ್ಟೆಯ ಕೊಕ್ಕೆಗೆ ಕಡಲೆಕಾಳಿನಷ್ಟು ಬಾಂಬು ಸಿಕ್ಕಿಸಿ ಕೊಡಬೇಕು. ಕೊಕ್ಕೆ ಬಿಚ್ಚಿ ಕಾಳು ಬಿದ್ದರೆ ಒಂದು ಮನೆ ಹೋಗುತ್ತಿತ್ತು.

ಆ ಮಧ್ಯಾಹ್ನ ಆಚೆ ದಂಡೆಯ ವಿಮಾನವೊಂದು ಕಿಟಕಿಯಿಂದ ನುಗ್ಗಿ ಪಾರವ್ವನ ಹಿಟ್ಟಿನ ಪರಾತದಲ್ಲಿ ಬಿತ್ತು. ಸಿಡಿಯಲಿಲ್ಲ. ಬಾಗಿ ನೋಡಿದರೆ, ರೆಕ್ಕೆಯ ಬಣ್ಣದಲ್ಲಿ ಎಡಗೈಯ ಎಳೆತ. ಆಚೆ ದಂಡೆಗೆ ಮದುವೆಯಾಗಿ ಹೋದ ತಂಗಿ ನಿಂಬೆವ್ವ ಗೋಡೆಗೆ ಸುಣ್ಣ ಬಳಿಯುವಾಗಲೂ ಹಾಗೆಯೇ ಎಳೆಯುತ್ತಿದ್ದಳು. ಕೊಕ್ಕೆ ಬಿಚ್ಚದಂತೆ ಅವಳು ಅಂಟು ಮೆತ್ತಿದ್ದಳು.

ಹಾಗೆ ಮಾಡಿದವರಿಗೆ ಎರಡೂ ದಂಡೆಯಲ್ಲಿ ಗುಂಡೇ ಗತಿ.

ಪಾರವ್ವ ಅದರ ರೆಕ್ಕೆ ಕಿತ್ತು ಒಲೆಗೆ ಹಾಕಿ, ಬಾಂಬಿದ್ದ ಹೊಟ್ಟೆಯನ್ನು ಹಿಟ್ಟಿನಡಿ ಹೂತಳು. ಆಮೇಲೆ ತಾನು ಕಟ್ಟಿಟ್ಟಿದ್ದ ವಿಮಾನಗಳ ಕೊಕ್ಕೆಗೆಲ್ಲ ಅಂಟು ಬಿಟ್ಟಳು. ಅಷ್ಟರಲ್ಲಿ, ಕಟ್ಟಿದ ಮಾಲು ಪರೀಕ್ಷಿಸಿ ಒಯ್ಯುವ ಮುಕಾದಮ ಬುಟ್ಟಿ ಹಿಡಿದು ಬಂದ. ಒಂದನ್ನೆತ್ತಿ ಹೊಟ್ಟೆ ಸವರಿದ.

"ಇದ್ಯಾಕ ಇನ್ನೂ ಹಸಿ ಐತಿ?"

"ಬಣ್ಣಾರೀ." ಅಂದಳು ಪಾರವ್ವ.

ಅವನು ಬೆರಳನ್ನು ಬಿಳಿ ಧೋತರಕ್ಕೆ ಒರೆಸಿಕೊಂಡ. ಅಲ್ಲಿ ಯಾವ ಬಣ್ಣವೂ ಮೂಡಲಿಲ್ಲ. ಅವನು ಧೋತರ ನೋಡಿದ, ಅವಳನ್ನು ನೋಡಿದ.

"ಒಣಗ್ಲಿ ಬಿಡು," ಅಂದು ಉಳಿದವನ್ನು ತಿರುಗಿಸಿ ನೋಡದೆ ಬುಟ್ಟಿಗೆ ತುಂಬಿದ.