ಬಿಸಿ ಶಾವಿಗೆ

ಜಪಾನಿನ ಹಾಸ್ಯಕಥೆಗಾರ ಮಂಡಿಯೂರಿ ಕೂತಲ್ಲಿಂದ ಏಳುವಂತಿಲ್ಲ. ಒಂದು ಬೀಸಣಿಗೆ, ಒಂದು ಕೈವಸ್ತ್ರ, ಇಷ್ಟರಲ್ಲೇ ಲೋಕವನ್ನೆಲ್ಲ ತೋರಿಸಿ ನಗಿಸಬೇಕು. ಮೂವತ್ತು ವರ್ಷ ಹಾಗೆ ಕೂತು ಮಂಡಿ ಸವೆದರೂ ತೊಕುಜಿಗೆ ಗುರುಗಳ ಬಾಯಿಂದ ಒಂದು ‘ಭೇಷ್’ ಉದುರಿರಲಿಲ್ಲ. ಈಗ ಅವರು ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದರು. ಬಾಯಿಗೆ ತೊಟ್ಟು ನೀರೂ ಬಿಡಬಾರದೆಂದು ವೈದ್ಯರ ಅಪ್ಪಣೆ. ತೊಕುಜಿ ಅವರ ಮಂಚದ ಪಕ್ಕ ನಿಂತಿದ್ದ.

“ಶಾವಿಗೆ ತಿನ್ನೋದನ್ನ ಮಾಡಿ ತೋರ್ಸೋ,” ಎಂದರು ಗುರುಗಳು.

ಅವನು ನೆಲಕ್ಕೆ ಮಂಡಿಯೂರಿ, ಮಡಿಸಿದ ಬೀಸಣಿಗೆಯನ್ನೇ ಶಾವಿಗೆ ಎತ್ತುವ ಕಡ್ಡಿ ಮಾಡಿಕೊಂಡು ಸೊರ್ರನೆ ಎಳೆದ.

“ಆರಿಹೋಗಿದೆ ಕಣೋ. ಬಿಸಿದು ತಿನ್ನು.”

ಉಫ್ ಎಂದು ಊದಿ, ನಾಲಿಗೆ ಸುಟ್ಟವನಂತೆ ಮತ್ತೆ ಎಳೆದ.

ಬಾಗಿಲು ದಡಾರನೆ ತೆರೆಯಿತು. “ಏನೂ ತಿನ್ನಿಸ್ಬೇಡಿ ಅಂತ ಹೇಳಿರ್ಲಿಲ್ವಾ? ಬಟ್ಟಲು ಎಲ್ಲಿ ಬಚ್ಚಿಟ್ರಿ?” ಎಂದು ನರ್ಸ್ ರೇಗಿದಳು.

“ತಪ್ಪಾಯ್ತಮ್ಮ,” ಎಂದು ಗುರುಗಳು ಕೈವಸ್ತ್ರದಿಂದ ತುಟಿ ಒರೆಸಿಕೊಂಡರು.